ಮಣಿ ನೇಯುವ ಮಗ್ಗ: ಮೊದಲು ಲೆಕ್ಕ, ಆಮೇಲೆ ಮಗ್ಗ



'ಹಾಸುಹೊಕ್ಕು' ಎಂಬ ಮಾತನ್ನು ನೀವು ಎಷ್ಟೋ ಸಲ ಕೇಳಿದ್ದೀರಿ. ಸಂಗೀತ ನಮ್ಮ ಬದುಕಿನಲ್ಲಿ ಹಾಸುಹೊಕ್ಕಾಗಿದೆ, ಜಾತ್ರೆ ಹಳ್ಳಿಯ ಜೀವನದಲ್ಲಿ ಹಾಸುಹೊಕ್ಕಾಗಿದೆ ಎನ್ನುತ್ತೇವೆ. ಈ ಮಾತು ನೇಕಾರರ ಮನೆಯಿಂದ ಬಂದದ್ದು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳು ಹಾಸು. ಅವುಗಳಿಗೆ ಅಡ್ಡಲಾಗಿ ಹೋಗಿ ಬರುವ ಎಳೆ ಹೊಕ್ಕು. ಎರಡೂ ಸೇರಿದರೆ ಬಟ್ಟೆ. ಈಗ ಆ ಹೊಕ್ಕಿನ ಎಳೆಯಲ್ಲಿ ಸಣ್ಣ ಗಾಜಿನ ಮಣಿಗಳನ್ನು ಪೋಣಿಸಿಕೊಂಡು ನೇಯ್ದರೆ ಏನಾಗುತ್ತದೆ? ಮಣಿಗಳದೇ ಒಂದು ಪಟ್ಟಿ ಸಿದ್ಧವಾಗುತ್ತದೆ. ಕೈಬಳೆ, ಸೊಂಟಪಟ್ಟಿ, ಪುಸ್ತಕದ ಗುರುತುಪಟ್ಟಿ, ಕನ್ನಡಕದ ಚೀಲ, ಏನನ್ನಾದರೂ ಅದರಿಂದ ಮಾಡಬಹುದು.

ಈ ಕೆಲಸಕ್ಕೆ ಬೇಕಾದ ಮಗ್ಗ ಚಿಕ್ಕದು. ಮೇಜಿನ ಮೇಲೆ, ಮಡಿಲಲ್ಲಿ ಇಟ್ಟುಕೊಳ್ಳಬಹುದು. ಅದನ್ನು ಹೇಗೆ ಆರಿಸಬೇಕು, ಹೇಗೆ ಬಳಸಬೇಕು ಎಂಬುದೇ ಈ ಲೇಖನದ ವಿಷಯ. ಕೈಗಳ ಚಲನೆಯನ್ನು ತೆರೆಯ ಮೇಲೆ ನೋಡಿ ಕಲಿಯಬಹುದು. ಲೆಕ್ಕವನ್ನು ಮಾತ್ರ ಕಾಗದ ಪೆನ್ಸಿಲು ಹಿಡಿದೇ ಮಾಡಬೇಕು. ಅದಕ್ಕಾಗಿ ಈ ಪುಟಗಳು.

ನನ್ನ ಅನುಭವವನ್ನು ಮೊದಲು ಹೇಳಿಬಿಡುತ್ತೇನೆ. ಕಾಲೇಜಿನಲ್ಲಿದ್ದಾಗ ಅಂಗಡಿಯೊಂದರಲ್ಲಿ ಹೊಳೆಯುವ ಪುಟ್ಟ ಮಗ್ಗವನ್ನು ಕಂಡು ಆಸೆಪಟ್ಟು ಕೊಂಡೆ. ಅಜ್ಜಿಯ ಕನ್ನಡಕದ ಚೀಲಕ್ಕೆ ಹದಿನೆಂಟು ಸೆಂಟಿಮೀಟರ್ ಉದ್ದದ ಪಟ್ಟಿ ನೇಯಬೇಕೆಂದಿದ್ದೆ. ಮಗ್ಗದಲ್ಲಿ ಎಳೆಗಳು ಚಾಚಿಕೊಂಡಿದ್ದ ಜಾಗ ಇಪ್ಪತ್ತೇ ಸೆಂಟಿಮೀಟರ್. ಸಾಕಲ್ಲ ಎಂದುಕೊಂಡೆ. ಹದಿನೈದು ಸಂಜೆ ಕುಳಿತು ನೇಯ್ದೆ. ಕೊನೆಯ ಸಾಲುಗಳಿಗೆ ಬಂದಾಗ ಸೂಜಿ ತಿರುಗಿಸಲು ಜಾಗವಿರಲಿಲ್ಲ. ಹೇಗೋ ತುರುಕಿ ಮುಗಿಸಿ, ಎಳೆಗಳನ್ನು ಮಣಿಗಳ ಅಂಚಿಗೇ ಕತ್ತರಿಸಿದೆ. ಗಂಟು ಹಾಕಲು ಎಳೆಯೇ ಉಳಿದಿರಲಿಲ್ಲ. ಪಟ್ಟಿಯನ್ನು ಎತ್ತಿ ಅಜ್ಜಿಯ ಕೈಗೆ ಕೊಡುವಷ್ಟರಲ್ಲಿ ಒಂದೊಂದೇ ಸಾಲು ಬಿಚ್ಚಿಕೊಂಡು ಮಣಿಗಳು ನೆಲದ ತುಂಬ ಉರುಳಿದವು. ಅಜ್ಜಿ ನಗುತ್ತಲೇ ಅವನ್ನು ಆರಿಸಲು ಕುಳಿತರು. ತಪ್ಪು ಮಗ್ಗದ್ದಾಗಿರಲಿಲ್ಲ. ಮೊದಲು ಮಗ್ಗ ಕೊಂಡು ಆಮೇಲೆ ಲೆಕ್ಕ ಹಾಕಿದ್ದು ನನ್ನ ತಪ್ಪು. ನೀವು ಈ ತಪ್ಪು ಮಾಡಬಾರದು.

ಮಗ್ಗ ಮಾಡುವ ಕೆಲಸವೇನು?

ಮಗ್ಗ ನೇಯುವುದಿಲ್ಲ, ನೇಯುವುದು ನಿಮ್ಮ ಕೈ ಮತ್ತು ಸೂಜಿ. ಮಗ್ಗದ ಕೆಲಸ ಮೂರೇ. ಒಂದು, ಹಾಸಿನ ಎಳೆಗಳನ್ನು ಬಿಗಿಯಾಗಿ ಹಿಡಿಯುವುದು. ಎರಡು, ಎಳೆ ಎಳೆಯ ನಡುವೆ ಒಂದು ಮಣಿ ಕೂರುವಷ್ಟು ಅಂತರ ಕಾಯುವುದು. ಮೂರು, ಪಟ್ಟಿ ಮುಗಿಯುವವರೆಗೆ ಉದ್ದ ಒದಗಿಸುವುದು. ಈ ಮೂರನ್ನೂ ಚೆನ್ನಾಗಿ ಮಾಡುವ ಯಾವುದೇ ಚೌಕಟ್ಟು ಒಳ್ಳೆಯ ಮಗ್ಗವೇ. ಬೆಲೆ, ಬಣ್ಣ, ಹೊಳಪು ಇವು ಯಾವುವೂ ಮುಖ್ಯವಲ್ಲ.

ಉತ್ತರ ಅಮೆರಿಕದ ಮೂಲನಿವಾಸಿಗಳು ಇದನ್ನು ಬಹಳ ಹಿಂದೆಯೇ ಅರಿತಿದ್ದರು. ಬಾಗುವ ಕೋಲೊಂದನ್ನು ಬಿಲ್ಲಿನಂತೆ ಬಗ್ಗಿಸಿ, ಅದರ ಎರಡು ತುದಿಗಳ ನಡುವೆ ಎಳೆಗಳನ್ನು ಕಟ್ಟುತ್ತಿದ್ದರು. ಕೋಲು ನೇರವಾಗಲು ಹವಣಿಸುತ್ತದೆ, ಎಳೆಗಳು ಬಿಡುವುದಿಲ್ಲ. ಹಾಗಾಗಿ ಬಿಗಿ ತಾನಾಗಿಯೇ ಉಳಿಯುತ್ತದೆ. ಇದೇ ಬಿಲ್ಲುಮಗ್ಗ. ಯೂರೋಪಿನ ವ್ಯಾಪಾರಿಗಳು ಗಾಜಿನ ಮಣಿಗಳನ್ನು ತಂದ ಮೇಲೆ, ಮಹಾಸರೋವರಗಳ ಸುತ್ತಲಿನ ಒಜಿಬ್ವೆ ಮೊದಲಾದ ಜನರು ಭುಜಕ್ಕೆ ಹಾಕಿಕೊಳ್ಳುವ ದೊಡ್ಡ ಚೀಲಗಳ ಮೇಲೆ ಮಣಿನೇಯ್ಗೆಯ ಅದ್ಭುತ ಚಿತ್ತಾರಗಳನ್ನು ಮೂಡಿಸಿದರು.

ಗಾಜಿನ ಮಣಿಗಳಲ್ಲದೆ ಚಿಪ್ಪಿನ ಮಣಿಗಳ ನೇಯ್ಗೆಯೂ ಅಲ್ಲಿತ್ತು. ಹೋಡನೊಶೋನಿ ಒಕ್ಕೂಟದ ಜನರು ಶಂಖದ ಜಾತಿಯ ಬಿಳಿ ಚಿಪ್ಪು ಮತ್ತು ಕ್ವಾಹಾಗ್ ಎಂಬ ಚಿಪ್ಪಿನ ನೇರಳೆ ಭಾಗದಿಂದ ಮಾಡಿದ ಕೊಳವೆಯಾಕಾರದ ಮಣಿಗಳಿಂದ 'ವಾಂಪಮ್' ಪಟ್ಟಿಗಳನ್ನು ನೇಯುತ್ತಿದ್ದರು. ಇವು ಅಲಂಕಾರದ ವಸ್ತುಗಳಾಗಿರಲಿಲ್ಲ. ಒಪ್ಪಂದ, ಶಾಂತಿ, ಕೊಟ್ಟ ಮಾತು ಇವುಗಳ ದಾಖಲೆಗಳಾಗಿದ್ದವು. 'ಹಯವಾಥಾ ಪಟ್ಟಿ' ಎಂಬುದು ಐದು ಬುಡಕಟ್ಟುಗಳು ಒಂದಾದುದನ್ನು ಸಾರುತ್ತದೆ: ನಡುವೆ ಒಂದು ಮರ, ಅದರ ಎರಡೂ ಕಡೆ ಎರಡೆರಡು ಚೌಕಗಳು. ಇಂಥ 12 ಪಟ್ಟಿಗಳನ್ನು ನ್ಯೂಯಾರ್ಕ್ ರಾಜ್ಯದ ವಸ್ತುಸಂಗ್ರಹಾಲಯವು 1989ರಲ್ಲಿ ಒನೊಂಡಾಗಾ ಜನರಿಗೆ ಹಿಂದಿರುಗಿಸಿತು. ಒಂದು ಜನಾಂಗ ತನ್ನ ಮಾತನ್ನು ಎಳೆ ಮತ್ತು ಮಣಿಗೆ ಒಪ್ಪಿಸಿತ್ತೆಂದರೆ ಆ ನೇಯ್ಗೆ ಎಷ್ಟು ಗಟ್ಟಿಯಾಗಿರಬೇಕು, ನೀವೇ ಯೋಚಿಸಿ.

ಹಯವಾಥಾ ಪಟ್ಟಿಯ ಅಡ್ಡಸಾಲಿನಲ್ಲಿ 38 ಮಣಿಗಳು. ಅಂಥ ಸಾಲುಗಳು 173. ಗುಣಿಸಿ ನೋಡಿ: 6,574 ಮಣಿಗಳು. ಈ ಗುಣಾಕಾರವೇ ನಮ್ಮ ಮುಂದಿನ ಪಾಠ.

ಲೆಕ್ಕ ಹಾಕುವ ಬಗೆ

ಮೊದಲು ಏನನ್ನು ನೇಯಬೇಕೆಂದು ನಿರ್ಧರಿಸಿ. ಉದಾಹರಣೆಗೆ ಒಂದು ಕೈಪಟ್ಟಿ ಎಂದಿಟ್ಟುಕೊಳ್ಳೋಣ. ಉದ್ದ 16 ಸೆಂ.ಮೀ., ಅಗಲ 9 ಮಣಿ.

ಮಣಿಗಳಿಗೆ ಸಂಖ್ಯೆಗಳಿವೆ. ಸಂಖ್ಯೆ ಹೆಚ್ಚಿದಂತೆ ಮಣಿ ಚಿಕ್ಕದಾಗುತ್ತದೆ. 8ನೆಯ ಸಂಖ್ಯೆಯ ಮಣಿ ಸುಮಾರು 3 ಮಿ.ಮೀ., 11ನೆಯದು ಸುಮಾರು 2 ಮಿ.ಮೀ., 15ನೆಯದು ಸುಮಾರು ಒಂದೂವರೆ ಮಿ.ಮೀ. ದಪ್ಪ. ಕಲಿಯುವವರಿಗೆ 11ನೆಯ ಸಂಖ್ಯೆ ಅನುಕೂಲ. ಕಣ್ಣಿಗೆ ಕಷ್ಟವೆನಿಸಿದರೆ 8ನೆಯದನ್ನು ತೆಗೆದುಕೊಳ್ಳಿ.

ಇಲ್ಲೊಂದು ಸೂಕ್ಷ್ಮವಿದೆ. ದುಂಡುಮಣಿ ಚೆಂಡಿನಂತೆ ಕಂಡರೂ ಚೆಂಡಲ್ಲ. ರಂಧ್ರದ ದಿಕ್ಕಿನಲ್ಲಿ ಅದು ಸ್ವಲ್ಪ ಚಪ್ಪಟೆ. ಮಗ್ಗದ ಮೇಲೆ ಮಣಿಯ ರಂಧ್ರ ಅಡ್ಡಲಾಗಿರುತ್ತದೆ. ಆದ್ದರಿಂದ 11ನೆಯ ಸಂಖ್ಯೆಯ ಮಣಿ ಪಟ್ಟಿಯ ಅಗಲದಲ್ಲಿ, ಎಳೆಯೂ ಸೇರಿ, ಸುಮಾರು 1.7 ಮಿ.ಮೀ. ಜಾಗ ಹಿಡಿದರೆ ಉದ್ದದಲ್ಲಿ ಸುಮಾರು 2 ಮಿ.ಮೀ. ಹಿಡಿಯುತ್ತದೆ. ಸಾಮಾನ್ಯ ಗ್ರಾಫ್ ಹಾಳೆಯಲ್ಲಿ ನೀವು ಬರೆದ ವೃತ್ತ, ಪಟ್ಟಿಯಲ್ಲಿ ಮೊಟ್ಟೆಯಾಗಿ ಬರುವುದು ಇದರಿಂದಲೇ. ಚಿತ್ರವನ್ನು ಉದ್ದದಲ್ಲಿ ಒಂದೆರಡು ಸಾಲು ಕಡಿಮೆ ಮಾಡಿದರೆ ಸರಿಹೋಗುತ್ತದೆ. ಕಾರ್ಖಾನೆಯಿಂದ ಕಾರ್ಖಾನೆಗೆ ಮಣಿಯ ಅಳತೆ ಬದಲಾಗುವುದರಿಂದ, ನಿಮ್ಮ ಮಣಿಗಳಲ್ಲಿ ಇಪ್ಪತ್ತನ್ನು ಸೂಜಿಗೆ ಪೋಣಿಸಿ, ಸ್ಕೇಲಿನ ಮೇಲಿಟ್ಟು ಅಳೆದು, ಇಪ್ಪತ್ತರಿಂದ ಭಾಗಿಸಿ. ಪುಸ್ತಕದ ಅಂಕಿಗಿಂತ ನಿಮ್ಮ ಸ್ಕೇಲಿನ ಅಂಕಿಯನ್ನೇ ನಂಬಿ.

ಈಗ ಮಣಿಗಳ ಲೆಕ್ಕ. 16 ಸೆಂ.ಮೀ. ಎಂದರೆ 160 ಮಿ.ಮೀ. ಸಾಲಿಗೆ 2 ಮಿ.ಮೀ.ನಂತೆ 80 ಸಾಲು. 80 ಸಾಲು, ಸಾಲಿಗೆ 9 ಮಣಿ. ಒಟ್ಟು 720 ಮಣಿ. ಈ ಗಾತ್ರದ ಮಣಿಗಳು ಒಂದು ಗ್ರಾಂಗೆ ಸುಮಾರು 110 ತೂಗುತ್ತವೆ. ಅಂದರೆ ಆರೂವರೆ ಗ್ರಾಂ. ಒಡೆದವು, ಸೊಟ್ಟಗಿನವು ಇರುವುದರಿಂದ 10 ಗ್ರಾಂ ಕೊಳ್ಳಿ.

ಹಾಸಿನ ಎಳೆಗಳೆಷ್ಟು? ಸೂತ್ರ ಸುಲಭ: ಮಣಿಗಳ ಸಂಖ್ಯೆಗಿಂತ ಒಂದು ಹೆಚ್ಚು. ನಿಮ್ಮ ಐದು ಬೆರಳುಗಳ ನಡುವೆ ಸಂದುಗಳು ನಾಲ್ಕೇ ತಾನೆ? ಹಾಗೆಯೇ ಒಂಬತ್ತು ಮಣಿಗಳಿಗೆ ಹತ್ತು ಎಳೆ. ಎರಡು ಅಂಚುಗಳ ಮೇಲೆ ಜಗ್ಗಾಟ ಹೆಚ್ಚಾಗಿರುವುದರಿಂದ ಅಲ್ಲಿ ಜೋಡಿ ಎಳೆ ಹಾಕುವುದು ಒಳ್ಳೆಯದು. ಒಟ್ಟು ಹನ್ನೆರಡು.

ಎಳೆಯ ಉದ್ದವೆಷ್ಟು? ಪಟ್ಟಿಯ ಉದ್ದ 16 ಸೆಂ.ಮೀ. ಪ್ರತಿ ತುದಿಯಲ್ಲೂ ಮುಕ್ತಾಯಕ್ಕೆ ಕನಿಷ್ಠ 15 ಸೆಂ.ಮೀ. ಉಳಿಯಬೇಕು. ಮಗ್ಗಕ್ಕೆ ಕಟ್ಟುವ ಗಂಟುಗಳಿಗೆ ಇನ್ನಷ್ಟು. ಎಲ್ಲ ಸೇರಿ 60 ಸೆಂ.ಮೀ. ಇಡಿ. ಹನ್ನೆರಡು ಎಳೆಗೆ 7 ಮೀಟರ್ 20 ಸೆಂ.ಮೀ. ಹೊಕ್ಕಿಗೆ ಸುಮಾರು 3 ಮೀಟರ್. ನಾನು ಅಂದು ಉಳಿಸದೇ ಹೋದದ್ದು ಆ ತುದಿಯ 15 ಸೆಂಟಿಮೀಟರನ್ನು!

ಯಾವ ಮಗ್ಗ ಆರಿಸಬೇಕು?

ಲೆಕ್ಕ ಕೈಯಲ್ಲಿದ್ದರೆ ಆಯ್ಕೆ ಸುಲಭ. ಮುಖ್ಯವಾಗಿ ಎರಡು ಬಗೆಯ ಮಗ್ಗಗಳಿವೆ.

ಮೊದಲನೆಯದು ಸ್ಥಿರ ಮಗ್ಗ. ಎರಡು ತುದಿಗಳ ನಡುವಿನ ಅಂತರ ಬದಲಾಗುವುದಿಲ್ಲ. ಬಿಗಿ ಚೆನ್ನಾಗಿ ನಿಲ್ಲುತ್ತದೆ. ಆದರೆ ಅಂತರ ಎಷ್ಟಿದೆಯೋ ಅದಕ್ಕಿಂತ ಚಿಕ್ಕ ಪಟ್ಟಿಯನ್ನೇ ನೇಯಬೇಕು. ಸೂಜಿ ಆಡಲು ಪ್ರತಿ ತುದಿಯಲ್ಲೂ 5ರಿಂದ 7 ಸೆಂ.ಮೀ. ಖಾಲಿ ಜಾಗ ಬೇಕು. ಆದ್ದರಿಂದ 16 ಸೆಂ.ಮೀ. ಪಟ್ಟಿಗೆ 30 ಸೆಂ.ಮೀ. ಅಂತರದ ಮಗ್ಗವಿರಲಿ.

ಎರಡನೆಯದು ಉರುಳೆ ಮಗ್ಗ. ಉದ್ದನೆಯ ಹಾಸನ್ನು ಒಂದು ಉರುಳೆಗೆ ಸುತ್ತಿಟ್ಟು, ನೇಯ್ದಂತೆಲ್ಲ ಸಿದ್ಧವಾದ ಪಟ್ಟಿಯನ್ನು ಇನ್ನೊಂದು ಉರುಳೆಗೆ ಸುತ್ತುತ್ತ ಹೋಗುವುದು. ಸೊಂಟಪಟ್ಟಿಯಂಥ ಉದ್ದನೆಯ ಕೆಲಸಕ್ಕೆ ಇದು ಬೇಕು. ಆದರೆ ಉರುಳೆಯನ್ನು ಹಿಡಿದಿಡುವ ತಿರುಪು ಸಡಿಲವಾದರೆ ಇಡೀ ಹಾಸು ಸಡಿಲವಾಗುತ್ತದೆ. ಕೊಳ್ಳುವಾಗ ತಿರುಪನ್ನು ಬಿಗಿದು, ಉರುಳೆಯನ್ನು ಕೈಯಿಂದ ತಿರುಗಿಸಲು ಪ್ರಯತ್ನಿಸಿ. ಜಾರಿದರೆ ಅಂಥ ಮಗ್ಗ ಬೇಡ. ಚೌಕಟ್ಟಿನ ಎರಡು ತುದಿಗಳನ್ನು ಹಿಡಿದು ತಿರುಚಿ ನೋಡಿ. ತೆಳುತಂತಿಯ ಚೌಕಟ್ಟು ಬಳುಕಿದರೆ ಹನ್ನೆರಡು ಎಳೆಗಳ ಬಿಗಿಗೂ ಅದು ಬಳುಕುತ್ತದೆ.

ಹಾಸಿನ ಎಳೆಗಳನ್ನು ಒಂದು ಬಿಟ್ಟು ಒಂದರಂತೆ ಎತ್ತುವ ಪಟ್ಟಿಯಿರುವ ಮಗ್ಗಗಳೂ ಉಂಟು. ಅವು ಅಭ್ಯಾಸವಾದವರಿಗೆ. ಮೊದಲ ಪಟ್ಟಿಗೆ ಸ್ಥಿರ ಮಗ್ಗವೇ ಸಾಕು. ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು.

ಮನೆಯಲ್ಲೇ ಮಗ್ಗ

40 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಒಂದು ಹಲಗೆ ತೆಗೆದುಕೊಳ್ಳಿ. ಎರಡು ತುದಿಗಳಿಂದ 5 ಸೆಂ.ಮೀ. ಒಳಗೆ, 6 ಸೆಂ.ಮೀ. ಎತ್ತರದ ಎರಡು ಮರದ ತುಂಡುಗಳನ್ನು ನಿಲ್ಲಿಸಿ ಮೊಳೆ ಹೊಡೆಯಿರಿ. ಹಲಗೆಯ ಎರಡೂ ತುದಿಗಳ ದಪ್ಪದ ಮೇಲೆ ಎರಡೆರಡು ಸಣ್ಣ ಮೊಳೆಗಳನ್ನು ಅರ್ಧ ಹೊರಗಿರುವಂತೆ ಹೊಡೆಯಿರಿ. ಎಳೆ ಕಟ್ಟುವುದು ಇವುಗಳಿಗೆ.

ಇನ್ನು ಎಳೆಗಳ ಅಂತರ ಕಾಯಲು ಏನು ಮಾಡುವುದು? ಹಾರ್ಡ್‌ವೇರ್ ಅಂಗಡಿಯಲ್ಲಿ ಪೂರ್ತಿ ಮರೆಯಿರುವ, ಅಂದರೆ ಉದ್ದಕ್ಕೂ ತಿರುಪಿನ ಗೆರೆಗಳಿರುವ, ಕಬ್ಬಿಣದ ಸರಳು ಸಿಗುತ್ತದೆ. 12 ಮಿ.ಮೀ. ದಪ್ಪದ ಸಾಮಾನ್ಯ ಸರಳಿನಲ್ಲಿ ಒಂದು ಗೆರೆಯಿಂದ ಮುಂದಿನ ಗೆರೆಗೆ 1.75 ಮಿ.ಮೀ. ಅಂತರ. 11ನೆಯ ಸಂಖ್ಯೆಯ ಮಣಿಗೆ ಇದು ಹೇಳಿ ಮಾಡಿಸಿದಂತಿದೆ. 10 ಸೆಂ.ಮೀ.ನ ಎರಡು ತುಂಡುಗಳನ್ನು ಕತ್ತರಿಸಿಕೊಂಡು ನಿಲುವುಗಳ ತಲೆಯ ಮೇಲೆ ಭದ್ರವಾಗಿ ಕೂರಿಸಿ. ಸರಳು ಸಿಗದಿದ್ದರೆ ಹಳೆಯ ಬಾಚಣಿಗೆಯ ತುಂಡೂ ಆಗುತ್ತದೆ. ಅಂತರ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಚಿಂತೆಯಿಲ್ಲ. ನಾಲ್ಕು ಸಾಲು ನೇಯ್ದ ಮೇಲೆ ಅಂತರವನ್ನು ಮಣಿಗಳೇ ನಿರ್ಧರಿಸುತ್ತವೆ.

ದಾರ ಮತ್ತು ಸೂಜಿ

ಹೊಲಿಗೆಯ ಹತ್ತಿದಾರ ಬೇಡ. ಮಣಿಯ ಅಂಚಿಗೆ ಉಜ್ಜಿ ಬೇಗ ಸವೆಯುತ್ತದೆ. ತೆಳುವಾದ ಗಟ್ಟಿ ನೈಲಾನ್ ಅಥವಾ ಪಾಲಿಯೆಸ್ಟರ್ ದಾರ ತನ್ನಿ. ನೈಲಾನ್ ಎಳೆದರೆ ಹಿಗ್ಗುತ್ತದೆ; ಆದ್ದರಿಂದ ಹಾಸು ಹಾಕುವ ಮೊದಲೇ ತುಂಡು ತುಂಡಾಗಿ ಎಳೆದು ಹಿಗ್ಗಿಸಿಕೊಳ್ಳಿ. ಹೊಕ್ಕಿನ ದಾರಕ್ಕೆ ಜೇನುಮೇಣ ಸವರಿದರೆ ಸಿಕ್ಕಾಗುವುದಿಲ್ಲ.

ಮಣಿಸೂಜಿಯ ಕಣ್ಣು ಅದರ ಮೈಯಷ್ಟೇ ಸಣ್ಣದು. ಸಾಮಾನ್ಯ ಸೂಜಿಯ ಕಣ್ಣು ಉಬ್ಬಿರುವುದರಿಂದ ಮಣಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ: ದಾರ ಹಾಕಿದ ಸೂಜಿ ಒಂದೇ ಮಣಿಯ ಮೂಲಕ ಎರಡು ಸಲ ಸರಾಗವಾಗಿ ಹೋಗಬೇಕು. ಪ್ರತಿ ಸಾಲಿನಲ್ಲೂ ಅದು ಎರಡು ಸಲ ಹೋಗಲಿದೆ.

ನೇಯುವ ಕ್ರಮ

ಹನ್ನೆರಡು ಎಳೆಗಳನ್ನೂ ಒಂದೊಂದಾಗಿ ಮೊಳೆಗೆ ಕಟ್ಟಿ, ಸರಳಿನ ಗೆರೆಯಲ್ಲಿ ಕೂರಿಸಿ, ಎದುರು ತುದಿಯ ಮೊಳೆಗೆ ಬಿಗಿಯಿರಿ. ಅಂಚಿನ ಜೋಡಿ ಎಳೆಗಳು ಒಂದೇ ಗೆರೆಯಲ್ಲಿರಲಿ. ಬೆರಳಿನಿಂದ ಒತ್ತಿ ನೋಡಿ. ಎಲ್ಲ ಎಳೆಗಳೂ ಒಂದೇ ರೀತಿ ಸ್ವಲ್ಪ ತಗ್ಗಿ ಹಿಂದಕ್ಕೆ ಪುಟಿಯಬೇಕು. ತಂಬೂರಿಯ ತಂತಿಯಷ್ಟು ಬಿಗಿ ಬೇಡ. ಆದರೆ ಒಂದು ಬಿಗಿ ಇನ್ನೊಂದು ಸಡಿಲ ಎಂಬಂತಾದರೆ ಪಟ್ಟಿ ಮಗ್ಗದಿಂದ ಇಳಿದೊಡನೆ ಸುರುಳಿಯಾಗುತ್ತದೆ.

ಸೂಜಿಗೆ ಒಂದು ಮೀಟರ್ ದಾರ ಹಾಕಿ. ತುದಿಯಲ್ಲಿ 15 ಸೆಂ.ಮೀ. ಬಿಟ್ಟು, ಎಡ ಅಂಚಿನ ಎಳೆಗೆ ಕಟ್ಟಿ. ಮಣಿಗಳಿಲ್ಲದೆ ದಾರವನ್ನು ಎಳೆಗಳ ಮೇಲೊಂದು ಕೆಳಗೊಂದು ಎಂಬಂತೆ ನಾಲ್ಕೈದು ಸಲ ಹಾಯಿಸಿ. ಈ ಪುಟ್ಟ ಬಟ್ಟೆಯೇ ಮಣಿಗಳು ಜಾರದಂತೆ ತಡೆಯುವ ಕಟ್ಟೆ.

ಈಗ ಮೊದಲ ಸಾಲಿನ ಒಂಬತ್ತು ಮಣಿಗಳನ್ನು ಪೋಣಿಸಿ. ದಾರವನ್ನು ಹಾಸಿನ ಕೆಳಗಡೆಯಿಂದ ಬಲಕ್ಕೆ ಒಯ್ಯಿರಿ. ಎಡಗೈಯ ತೋರುಬೆರಳಿನಿಂದ ಮಣಿಗಳನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ. ಪ್ರತಿ ಸಂದಿಯಲ್ಲೂ ಒಂದೊಂದು ಮಣಿ ಇಣುಕುತ್ತದೆ. ಈಗ ಸೂಜಿಯನ್ನು ಬಲದಿಂದ ಎಡಕ್ಕೆ ಅದೇ ಒಂಬತ್ತು ಮಣಿಗಳ ರಂಧ್ರಗಳ ಮೂಲಕ ಹಿಂದಿರುಗಿಸಿ. ಈ ಸಲ ಸೂಜಿ ಎಲ್ಲ ಎಳೆಗಳ ಮೇಲುಗಡೆಯೇ ಹೋಗಬೇಕು. ಹೋಗುವಾಗ ಕೆಳಗೆ, ಬರುವಾಗ ಮೇಲೆ. ಪ್ರತಿ ಎಳೆಯೂ ಎರಡು ದಾರಗಳ ನಡುವೆ ಸೆರೆಯಾಗುತ್ತದೆ. ಮಣಿನೇಯ್ಗೆಯ ಗುಟ್ಟೆಲ್ಲ ಇಷ್ಟೇ. ಸೂಜಿ ಒಂದೇ ಒಂದು ಎಳೆಯ ಕೆಳಗೆ ನುಸುಳಿದರೂ ಅಲ್ಲಿ ಬಂಧನ ತಪ್ಪಿ ಮಣಿಗಳು ಜೋಲುತ್ತವೆ. ಆದ್ದರಿಂದ ಪ್ರತಿ ಸಾಲು ಮುಗಿದ ಮೇಲೆ ಉಗುರಿನಿಂದ ಮಣಿಗಳನ್ನು ಮೆಲ್ಲಗೆ ತಳ್ಳಿ ನೋಡಿ. ಅಲುಗಿದರೆ ಅಲ್ಲೇ ಬಿಚ್ಚಿ ಸರಿಮಾಡಿ. ಎಡಗೈ ಬಳಸುವವರು ದಿಕ್ಕನ್ನು ತಿರುವುಮುರುವು ಮಾಡಿಕೊಳ್ಳಿ.

ಕೆಲವು ಎಚ್ಚರಿಕೆಗಳು. ಹೊಕ್ಕನ್ನು ಅತಿಯಾಗಿ ಜಗ್ಗಿದರೆ ಪಟ್ಟಿಯ ನಡು ಕಿರಿದಾಗುತ್ತದೆ. ಸೂಜಿಯ ಮೊನೆ ಹಾಸಿನ ಎಳೆಯನ್ನು ಚುಚ್ಚಿ ಸೀಳದಿರಲಿ. ದಾರ 15 ಸೆಂ.ಮೀ.ಗೆ ಇಳಿದಾಗ ಅದನ್ನು ಹಿಂದಿನ ಎರಡು ಮೂರು ಸಾಲುಗಳೊಳಗೆ ಹಾಯಿಸಿ ಮುಗಿಸಿ. ಹೊಸ ದಾರವನ್ನೂ ಹಾಗೆಯೇ ಆರಂಭಿಸಿ. ಮಣಿಯ ರಂಧ್ರದೊಳಗೆ ಗಂಟು ಸೇರಬಾರದು. ಸೂಜಿಯನ್ನು ಬಲವಂತವಾಗಿ ತೂರಿಸಿದರೆ ಮಣಿ ಒಡೆಯುತ್ತದೆ. ಮರುದಿನ ಹಾಸು ಸಡಿಲವೆನಿಸಿದರೆ ಸರಳಿನಾಚೆಗೆ, ಎಳೆಗಳ ಕೆಳಗೆ ಒಂದು ಪೆನ್ಸಿಲ್ ತೂರಿಸಿ. ಬಿಗಿ ಮರಳಿ ಬರುತ್ತದೆ.

ಚಿತ್ರ ಎಲ್ಲಿಂದ?

ಬೇರೆಯವರ ಚಿತ್ರವನ್ನೇ ಹುಡುಕಬೇಕಿಲ್ಲ. ಧಾರವಾಡದ ಕಡೆಯ ಕಸೂತಿ, ಬಟ್ಟೆಯ ಎಳೆ ಎಣಿಸಿ ಹಾಕುವ ಕಲೆ. ಅದರಲ್ಲಿ ಗಾವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಿವೆ. ಮೆಂತಿಯ ಒಂದೊಂದು ಕತ್ತರಿ ಗುರುತಿನ ಜಾಗದಲ್ಲೂ ಒಂದೊಂದು ಮಣಿ ಇಟ್ಟುಕೊಂಡರೆ ಕಸೂತಿಯ ಗೋಪುರ, ತೇರು, ಆನೆ ಇವು ಮಗ್ಗಕ್ಕೆ ಇಳಿಯುತ್ತವೆ. ಆದರೆ ಒಂಬತ್ತು ಮಣಿಯ ಅಗಲ ಆನೆಗೆ ಸಾಲದು. ಅದಕ್ಕೆ ಅಗಲವಾದ ಪಟ್ಟಿ ಬೇಕು. ಕನ್ನಡ ಅಕ್ಷರಗಳ ಮಾತೂ ಇದೇ. ನಮ್ಮ ಅಕ್ಷರಗಳಲ್ಲಿ ಬಳುಕು ಹೆಚ್ಚು, ಮಣಿಗಳಲ್ಲಿ ಮೆಟ್ಟಿಲೇ ಹೆಚ್ಚು. 'ರ', 'ಗ'ಗಳಂಥ ಸರಳ ಅಕ್ಷರಗಳಿಂದ ಆರಂಭಿಸಿ, ಒತ್ತಕ್ಷರಗಳು ಆಮೇಲೆ.

ಮುಕ್ತಾಯ

ಎಂಬತ್ತನೆಯ ಸಾಲು ಮುಗಿದ ಮೇಲೆ ಮತ್ತೆ ನಾಲ್ಕೈದು ಸಲ ಮಣಿಯಿಲ್ಲದ ಕಟ್ಟೆ ನೇಯಿರಿ. ದಾರದ ತುದಿಯನ್ನು ಸಾಲುಗಳೊಳಗೆ ಮರೆಮಾಡಿ. ಈಗ ಎಳೆಗಳನ್ನು ಮೊಳೆಯ ಬಳಿಯೇ ಕತ್ತರಿಸಿ. ಮಣಿಗಳ ಬಳಿ ಅಲ್ಲ. ಪ್ರತಿ ತುದಿಯಲ್ಲೂ ಉಳಿದ ಉದ್ದನೆಯ ಎಳೆಗಳನ್ನು ಎರಡೆರಡರಂತೆ ಗಂಟು ಹಾಕಿ, ಒಂದೊಂದನ್ನೂ ಸೂಜಿಗೆ ಹಾಕಿಕೊಂಡು ಪಟ್ಟಿಯ ಸಾಲುಗಳೊಳಗೆ ಹಿಂದಕ್ಕೆ ಹಾಯಿಸಿ. ಕಟ್ಟೆಯನ್ನು ಹಿಂದಕ್ಕೆ ಮಡಿಸಿ, ಕೆಳಗೆ ಒಂದು ಬಟ್ಟೆಯ ಪಟ್ಟಿ ಇಟ್ಟು ಹೊಲಿಯಿರಿ. ಗುಂಡಿಯನ್ನೂ ಕುಣಿಕೆಯನ್ನೂ ಆ ಬಟ್ಟೆಗೆ ಹಾಕಿ. ಜಗ್ಗಾಟವೆಲ್ಲ ಬಟ್ಟೆಯ ಮೇಲೆ ಬೀಳುತ್ತದೆ, ಮಣಿಗಳು ನೆಮ್ಮದಿಯಾಗಿರುತ್ತವೆ.

ನನ್ನ ಎರಡನೆಯ ಪಟ್ಟಿಯನ್ನು ಹಲಗೆಯ ಮಗ್ಗದ ಮೇಲೆ ನೇಯ್ದೆ. ಅಜ್ಜಿ ನೆಲದಿಂದ ಆರಿಸಿ ಡಬ್ಬಿಯಲ್ಲಿ ಹಾಕಿಟ್ಟಿದ್ದ ಅದೇ ಮಣಿಗಳು. ಮೊದಲು ಅಳೆದೆ, ಎಣಿಸಿದೆ, ಆಮೇಲೆ ಎಳೆ ಕಟ್ಟಿದೆ. ಆ ಚೀಲ ಅಜ್ಜಿಯ ಕನ್ನಡಕದ ಜೊತೆ ಕೊನೆಯವರೆಗೂ ಇತ್ತು.

ಈ ರಜೆಯಲ್ಲಿ ನೀವೂ ಒಂದು ಪಟ್ಟಿ ನೇಯಿರಿ. ಅದಕ್ಕೆ ಮೊದಲು ಒಂದು ಹಾಳೆಯ ಮೇಲೆ ಐದು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಪಟ್ಟಿಯ ಉದ್ದವೆಷ್ಟು? ಸಾಲಿಗೆ ಮಣಿಗಳೆಷ್ಟು? ಸಾಲುಗಳೆಷ್ಟು? ಹಾಸಿನ ಎಳೆಗಳೆಷ್ಟು? ಮಗ್ಗದ ಅಂತರವೆಷ್ಟಿರಬೇಕು? ಕೈಕೂಡುವ ಮೊದಲು ಅಭ್ಯಾಸಕ್ಕೊಂದು ಲೆಕ್ಕ: ಸಾಲಿಗೆ 38 ಮಣಿಗಳಿರುವ ಹಯವಾಥಾ ಪಟ್ಟಿಯಂಥದನ್ನು ನೀವು ನೇಯುವುದಾದರೆ, ಅಂಚಿನ ಜೋಡಿ ಎಳೆಗಳೂ ಸೇರಿ, ಹಾಸಿಗೆ ಎಷ್ಟು ಎಳೆ ಬೇಕು? ಉತ್ತರ 41 ಬಂದರೆ ನೀವು ಮಗ್ಗದ ಮುಂದೆ ಕೂರಲು ಸಿದ್ಧರಾಗಿದ್ದೀರಿ.